ತರಬೇತುದಾರನ ವೃತ್ತಿ: ಗದಗಿನಿಂದ ಢಾಕಾದವರೆಗೆ

‘ಕನ್ನಡ ಶಾಲೆಯ ಮಗು ಆಟದಲ್ಲಿ ಮುಂದಾದರೆ ಬದುಕಿಗೆ ದಾರಿಯುಂಟೇ?’ ಎಂದು ಅಕ್ಕಲಕೋಟೆ, ಸೊಲ್ಲಾಪುರಗಳ ಪಾಲಕರು ನಮ್ಮನ್ನು ಕೇಳುತ್ತಾರೆ. ಆಟ ನಿಂತ ಮೇಲೂ ಆಟ ಕಲಿಸುವ ವೃತ್ತಿ ಉಂಟು. ಅದಕ್ಕೆ ಸುನಿಲ್ ಜೋಶಿಯವರೇ ನಿದರ್ಶನ.

ಸೊಲ್ಲಾಪುರದಿಂದ ರೈಲು ತಲುಪುವ ಗದಗು ಅವರ ಊರು. ಬಾಲ್ಯದಲ್ಲಿ ಬೆಳಗಿನ ಕ್ರಿಕೆಟ್ ಅಭ್ಯಾಸಕ್ಕೆ ಹುಬ್ಬಳ್ಳಿಗೆ ಹೋಗಿ, ಶಾಲೆಯ ವೇಳೆಗೆ ಮರಳುತ್ತಿದ್ದರು. ಎಡಗೈ ಸ್ಪಿನ್ನರ್ ಆಗಿ ಭಾರತದ ಪರ 15 ಟೆಸ್ಟ್, 69 ಏಕದಿನ ಪಂದ್ಯಗಳನ್ನಾಡಿದರು.

ಬಳಿಕ ತರಬೇತುದಾರರಾದರು. 2014ರ ಡಿಸೆಂಬರಿನಲ್ಲಿ ಅವರ ಜಮ್ಮು-ಕಾಶ್ಮೀರ ತಂಡ ರಣಜಿ ಪಂದ್ಯದಲ್ಲಿ ಬಲಾಢ್ಯ ಮುಂಬೈಯನ್ನು ಮುಂಬೈಯಲ್ಲಿಯೇ ಸೋಲಿಸಿತು. 2016ರಲ್ಲಿ ಒಮಾನ್ ತಂಡಕ್ಕೂ, 2017ರಿಂದ 2019ರವರೆಗೆ ಬಾಂಗ್ಲಾದೇಶಕ್ಕೂ, ಅನಂತರ ಅಮೆರಿಕೆಗೂ ಸ್ಪಿನ್ ಬೌಲಿಂಗ್ ಕಲಿಸಿದರು. 2020ರಲ್ಲಿ ಭಾರತದ ಆಯ್ಕೆ ಸಮಿತಿಯ ಅಧ್ಯಕ್ಷರಾದರು.

ಈ ವೃತ್ತಿ ಕಾಯಂ ನೌಕರಿಯಲ್ಲ. ಹೊರದೇಶದ ಮಂಡಳಿಗಳು ಒಂದು ಟೂರ್ನಿಗೋ ಒಂದೆರಡು ವರ್ಷಕ್ಕೋ ಒಪ್ಪಂದ ಮಾಡಿಕೊಳ್ಳುತ್ತವೆ. 2019ರ ವಿಶ್ವಕಪ್ ಮುಗಿದೊಡನೆ ಬಾಂಗ್ಲಾದೇಶವು ಜೋಶಿಯವರ ಸ್ಥಾನಕ್ಕೆ ನ್ಯೂಜಿಲೆಂಡಿನ ಡೇನಿಯಲ್ ವೆಟ್ಟೋರಿಯವರನ್ನು ನೇಮಿಸಿತು. ಇದನ್ನು ಅರಿತೇ ಮಕ್ಕಳು ಈ ದಾರಿ ಹಿಡಿಯಬೇಕು.

ಬ್ಯಾಸ್ಕೆಟ್‌ಬಾಲ್ ಮೊದಲಾದ ಆಟಗಳಿಗೆ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ತರಬೇತಿ ಡಿಪ್ಲೊಮಾ ಹೆಸರಾದುದು. ಬೆಂಗಳೂರಿನಲ್ಲಿಯೂ ಅದರ ಕೇಂದ್ರವಿದೆ. ಹೊರದೇಶಕ್ಕೆ ಹೋಗಲು ಇಂಗ್ಲಿಷ್ ಬೇಕು, ನಿಜ. ಆದರೆ ತಾನು ತಿಳಿದುದನ್ನು ಇನ್ನೊಬ್ಬರಿಗೆ ತಿಳಿಸುವುದೇ ತರಬೇತುದಾರನ ಬಂಡವಾಳ. ಆ ಶಕ್ತಿ ಮಗುವಿಗೆ ಮೊದಲು ಮನೆಮಾತಿನಲ್ಲಿಯೇ ಒದಗುತ್ತದೆ. ಆದ್ದರಿಂದ ಕನ್ನಡ ಶಾಲೆ ಬಿಡಿಸಬೇಡಿ. ಆಟದ ಅವಧಿಯನ್ನೂ ಕಸಿಯಬೇಡಿ.