ಸಂಜೆಯೂ ಬೇಕು ಸರಕಾರಿ ವೈದ್ಯರು
ಪ್ರಾಥಮಿಕ ಆರೋಗ್ಯ ಕೇಂದ್ರಗಳ ಹೊರರೋಗಿ ವಿಭಾಗ ಸಾಮಾನ್ಯವಾಗಿ ಬೆಳಿಗ್ಗೆ 9ಕ್ಕೆ ತೆರೆದು ಸಂಜೆ 4.30ರ ಸುಮಾರಿಗೆ ಮುಚ್ಚುತ್ತದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಹಳ್ಳಿಗಳಲ್ಲಿ ದುಡಿಮೆಯ ಹೊತ್ತೂ ಅದೇ. ಸಾವಿರ ಬೀಡಿಗೆ ಇಷ್ಟೆಂದು ಕೂಲಿ ಪಡೆಯುವ ಹೆಂಗಸು ಎಲೆ, ಹೊಗೆಸೊಪ್ಪು ಬದಿಗಿಟ್ಟು ಬಸ್ಸು ಹಿಡಿದರೆ ಅರ್ಧ ದಿನದ ಗಳಿಕೆ ಹೋದಂತೆಯೇ. ಬಿಪಿ ಮಾತ್ರೆ ಮುಗಿದರೂ ‘ಮುಂದಿನ ವಾರ ನೋಡುವ’ ಎಂಬ ಮಾತು ಹುಟ್ಟುವುದು ಇಲ್ಲಿಂದ.

2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ದಿನದ 24 ಗಂಟೆಯೂ ತೆರೆದಿರುವ ಕೇಂದ್ರಗಳಿಗೆ ಒತ್ತು ಕೊಟ್ಟಿತು. ಆದರೆ ಅವುಗಳ ಮುಖ್ಯ ಗುರಿ ಹೆರಿಗೆ. ತುರ್ತಿಗೆ 108 ಇದೆ. ಸಂಜೆಯ ಮಾಮೂಲಿ ತಪಾಸಣೆಯೇ ಬೇರೆ ಅಗತ್ಯ. ಇರುವ ಒಬ್ಬ ವೈದ್ಯರ ಕೆಲಸದ ಅವಧಿ ಎಳೆದರೆ ಸಾಲದು. ಔಷಧ ವಿತರಕರು, ಪ್ರಯೋಗಾಲಯದ ಸಿಬ್ಬಂದಿ ಪಾಳಿಯಲ್ಲಿ ಇರಬೇಕು. ವಾರಕ್ಕೆ ಎರಡು ಸಂಜೆ, ಊರಿನ ಕೊನೆಯ ಬಸ್ಸಿಗೆ ಮೊದಲು ಮುಗಿಯುವಂತೆ ನಡೆಸಿದರೂ ಆರಂಭಕ್ಕೆ ಸಾಕು.