ಆಯುಸ್ಸಿನ ಲೆಕ್ಕ

ಒಬ್ಬ ಮನುಷ್ಯನು ಎಷ್ಟು ಕಾಲ ಬದುಕುವನೆಂಬುದನ್ನು ಯಾವ ಗಣಿತಜ್ಞನೂ ಹೇಳಲಾರನು. ಆದರೆ ಒಂದೇ ವಯಸ್ಸಿನ ಹತ್ತು ಸಾವಿರ ಮಂದಿಯಲ್ಲಿ ವರ್ಷದೊಳಗೆ ಸುಮಾರು ಎಷ್ಟು ಮಂದಿ ತೀರಿಕೊಳ್ಳುವರೆಂಬುದನ್ನು, ಹಿಂದಿನ ಮರಣಗಳ ಲೆಕ್ಕವು ಕೈಯಲ್ಲಿದ್ದರೆ, ಹೇಳಬಹುದು. ಈ ತತ್ತ್ವದ ಮೇಲೆ ಜೀವವಿಮೆಯು ನಿಂತಿದೆ. ಆ ಲೆಕ್ಕವನ್ನು ಕಟ್ಟುವವರಿಗೆ ಆಕ್ಚುಯರಿ ಎಂದು ಹೆಸರು.

ಧೂಮಕೇತುವಿನಿಂದ ಪ್ರಸಿದ್ಧನಾದ ಎಡ್ಮಂಡ್ ಹ್ಯಾಲಿಯು 1693ರಲ್ಲಿಯೇ ಬ್ರೆಸ್ಲಾ ಪಟ್ಟಣದ ಜನನಮರಣಗಳಿಂದ ಆಯುಷ್ಕೋಷ್ಟಕವೊಂದನ್ನು ರಚಿಸಿದ್ದನು. ಆದರೂ ಲಂಡನ್ನಿನ ಅಮಿಕಬಲ್ ಸೊಸೈಟಿಯು ವಯೋಭೇದವನ್ನೆಣಿಸದೆ ಎಲ್ಲರಿಂದಲೂ ಒಂದೇ ಕಂತನ್ನು ಪಡೆಯುತ್ತ, 45 ವರ್ಷ ಮೀರಿದವರನ್ನು ಸೇರಿಸಿಕೊಳ್ಳದೆ ಇದ್ದಿತು. ಹಾಗೆ ತಿರಸ್ಕೃತನಾದ ಜೇಮ್ಸ್ ಡಾಡ್ಸನ್ ಎಂಬ ಗಣಿತೋಪಾಧ್ಯಾಯನು ಬೇರೊಂದು ಮಾರ್ಗವನ್ನು ಆಲೋಚಿಸಿದನು.

ಉದಾಹರಣೆಗೆ ನಾವು ಹೀಗೆ ಕಲ್ಪಿಸಿಕೊಳ್ಳೋಣ. 1,000 ತರುಣರು ತಲಾ 1,000 ರೂಪಾಯಿಗೆ ವಿಮೆ ಮಾಡಿಸಿದ್ದಾರೆ. ಈ ವರ್ಷ ಐವರು ತೀರಿಕೊಂಡರೆ 5,000 ರೂಪಾಯಿ ಬೇಕು. ತಲೆಗೆ 5 ರೂಪಾಯಿ ಸಾಕು. ವಯಸ್ಸೇರಿದಂತೆ ಸಾವಿರಕ್ಕೆ ಐದೆಂಬುದು ಐವತ್ತಾಗುವುದು, ಕಂತೂ 50 ರೂಪಾಯಿಗೆ ಏರುವುದು. ಅದೂ ಸಂಪಾದನೆಯು ಕುಗ್ಗುವ ಕಾಲದಲ್ಲಿ! ಆದುದರಿಂದ ಯೌವನದಲ್ಲಿ ತುಸು ಹೆಚ್ಚಾಗಿ ಪಡೆದು, ಚಕ್ರಬಡ್ಡಿಯಿಂದ ಬೆಳೆಸಿ, ಮುಪ್ಪಿನ ಕೊರತೆಯನ್ನು ತುಂಬಿದರೆ ಕಂತು ಕಡೆಯವರೆಗೂ ಒಂದೇ ಸಮನಾಗಿರುವುದು. ಡಾಡ್ಸನ್ನನ ಉಪಾಯವಿದೇ. ಅವನು 1757ರಲ್ಲಿ ಮೃತನಾದನು. ಅವನ ಯೋಜನೆಯನ್ನನುಸರಿಸಿದ ಈಕ್ವಿಟಬಲ್ ಸೊಸೈಟಿಯು ಹುಟ್ಟಿದುದು 1762ರಲ್ಲಿ.

ಇಲ್ಲಿ ನಾವು ಮುಖ್ಯವಾಗಿ ಗಮನಿಸಬೇಕಾದುದೊಂದುಂಟು. ಮೊದಲು ಕೂಡಿಬರುವ ಆ ಹೆಚ್ಚಿನ ಹಣವು ಲಾಭವಲ್ಲ, ಸಾಲ. ಅದನ್ನು ಲಾಭವೆಂದೆಣಿಸಿ ಹಂಚಿಕೊಂಡ ಸಂಸ್ಥೆಯು ಮುಂದೆ ವಿಧವೆಯರಿಗೂ ಮಕ್ಕಳಿಗೂ ಕೊಟ್ಟ ಮಾತಿಗೆ ತಪ್ಪುವುದು. ಪೆಟ್ಟಿಗೆ ತುಂಬಿರುವಾಗಲೇ "ಇದು ನಮ್ಮದಲ್ಲ" ಎಂದು ಲೆಕ್ಕವನ್ನು ಮುಂದಿಟ್ಟು ಹೇಳುವುದು ಆಕ್ಚುಯರಿಯ ಧರ್ಮ.

ಈ ವಿದ್ಯೆಯನ್ನು ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗಮಾಡುವವರು ಕಲನಶಾಸ್ತ್ರ, ಸಂಭಾವ್ಯತೆ, ಸಂಖ್ಯಾಶಾಸ್ತ್ರ, ಬಡ್ಡಿಯ ಗಣಿತ, ಅರ್ಥಶಾಸ್ತ್ರಗಳನ್ನು ಕಲಿಯುತ್ತಾರೆ. ಕಂಪ್ಯೂಟರಿನ ಪರಿಚಯವೂ ಬೇಕು. ಆದರೆ ಪದವಿಯೊಂದರಿಂದಲೇ ಯಾರೂ ಆಕ್ಚುಯರಿಯಾಗರು. ನಮ್ಮ ದೇಶದಲ್ಲಿ 2006ರ ಶಾಸನಕ್ಕೆ ಒಳಪಟ್ಟ ಭಾರತೀಯ ಆಕ್ಚುಯರಿಗಳ ಸಂಸ್ಥೆಯ ಪರೀಕ್ಷೆಗಳಲ್ಲಿ ತೇರ್ಗಡೆಯಾಗಬೇಕು. ಅನೇಕರು ಉದ್ಯೋಗದಲ್ಲಿದ್ದುಕೊಂಡೇ ಹಲವು ವರ್ಷ ಓದಿ ಇವನ್ನು ಮುಗಿಸುತ್ತಾರೆ. ಚುರುಕುಬುದ್ಧಿಗಿಂತಲೂ ಬಿಡದ ತಾಳ್ಮೆ ಇಲ್ಲಿ ಹೆಚ್ಚು ಅಗತ್ಯ.

ಮೈಸೂರು ಸರ್ಕಾರವು ತನ್ನ ನೌಕರರಿಗೆ ಜೀವವಿಮೆಯನ್ನು ಏರ್ಪಡಿಸಿದುದು 1891ರಲ್ಲಿ. ಅಂತಹ ವಿಮೆಯಲ್ಲಿ ಇಂದು ಕಂತು ಕಟ್ಟುವ ತರುಣ ಗುಮಾಸ್ತನಿಗೆ ಈ ಗಣಿತವು ತಿಳಿಯದಿರಬಹುದು. ಆದರೆ ಅವನ ಮನೆಯವರಿಗೆ ಮೂವತ್ತು ವರ್ಷಗಳ ಮೇಲೆ ಸಲ್ಲಬೇಕಾದ ಹಣವು ಸಲ್ಲುವುದೋ ಇಲ್ಲವೋ ಎಂಬುದು, ಇದನ್ನು ಬಲ್ಲವರ ಪ್ರಾಮಾಣಿಕತೆಯನ್ನೇ ಅವಲಂಬಿಸಿದೆ.