ಹಳೆಯ ತೆಪ್ಪ ಗಟ್ಟಿ ಮಾಡೋಣ



ನಮ್ಮ ಕಾಖಂಡಕಿಯ ಜನರಿಗೆ ಎತ್ತಿನ ವಿಷಯ ಹೇಳಿಕೊಡಬೇಕಾಗಿಲ್ಲ. ಕಾರ ಹುಣ್ಣಿಮೆ ಆದ ಮೇಲೆ ನಮ್ಮೂರಲ್ಲಿ ಕರಿ ಹರಿಯುತ್ತದೆ. ಅದನ್ನು ನೋಡಲು ಸುತ್ತಲಿನ ಊರಿನವರೆಲ್ಲ ಬರುತ್ತಾರೆ. ಸಂತೆಯಲ್ಲಿ ಎತ್ತು ಕೊಳ್ಳುವಾಗ ನಾವು ಏನು ಮಾಡುತ್ತೇವೆ? ಹಲ್ಲು ನೋಡುತ್ತೇವೆ. ಗೊರಸು ನೋಡುತ್ತೇವೆ. ನಾಲ್ಕು ಹೆಜ್ಜೆ ನಡೆಸಿ ನೋಡುತ್ತೇವೆ. ಮಾರುವವನ ಮಾತು ಕೇಳಿದ ಕೂಡಲೇ ಹಗ್ಗ ಹಿಡಿಯುವುದಿಲ್ಲ.

"ಎತ್ತಿಗೆ ಹಲ್ಲು ಅದಾವ. ತೆಪ್ಪಕ್ಕ ಏನು ನೋಡೂದ್ರಿ ಅಕ್ಕೋರ?"

ಹೀಗೆ ಕೇಳಿದವರು ನಮ್ಮ ಸಾಕ್ಷರತಾ ತರಗತಿಗೆ ಬರುವ ಒಬ್ಬ ಅಕ್ಕ. ಅವರ ತವರು ಹೊಳೆಸಾಲಿನ ಊರು. ಗಂಡನ ಜೊತೆ ಸೇರಿ ಕೆರೆಯಲ್ಲಿ ಮೀನು ಹಿಡಿಯಬೇಕೆಂದು ಸಂಘದಲ್ಲಿ ಸಾಲ ಮಾಡಿ ಒಂದು ಹಳೆಯ ತೆಪ್ಪ ತಂದರು. ಮಾರಿದವನು "ಇನ್ನೂ ಮೂರು ವರ್ಷ ಬಾಳಕಿ ಬರ್ತೈತಿ" ಅಂದಿದ್ದ. ನೀರಿಗೆ ಇಳಿಸಿದ ಮೊದಲ ದಿನವೇ ಪಾದ ಮುಳುಗುವಷ್ಟು ನೀರು ಒಳಗೆ ಬಂತು. ದಂಡೆ ಹತ್ತಿರ ಇತ್ತು, ಉಳಿದರು.

ಆದರೆ ಸಾಲದ ಕಂತು ನಿಲ್ಲುವುದಿಲ್ಲವಲ್ಲ. ಆ ತೆಪ್ಪವನ್ನೇ ಗಟ್ಟಿ ಮಾಡಿಕೊಳ್ಳಬೇಕಾಯಿತು. ನನಗೆ ತೆಪ್ಪ ಕಟ್ಟಲು ಬರುವುದಿಲ್ಲ. ಹೊಳೆಸಾಲಿನ ಹಿರಿಯರನ್ನು ಕೇಳಿ ತಿಳಿದದ್ದನ್ನು, ಆ ಅಕ್ಕ ಮಾಡಿದಾಗ ಕಣ್ಣಿಂದ ನೋಡಿದ್ದನ್ನು ಇಲ್ಲಿ ಬರೆದಿದ್ದೇನೆ.

ತೆಪ್ಪ ಎಂದರೇನು?

ತೆಪ್ಪ ಎಂದರೆ ದೊಡ್ಡ ಬುಟ್ಟಿ. ಇದಕ್ಕೆ ಹರಿಗೋಲು ಎಂದೂ ಹೆಸರು. ರಾಯಚೂರಿನ ಕಡೆ ಪುಟ್ಟಿ ಅನ್ನುತ್ತಾರೆ. ಬಿದಿರಿನ ಸೀಳುಗಳನ್ನು ಅಡ್ಡ ಉದ್ದ ಹೆಣೆಯುತ್ತಾರೆ. ಹೊರಗಡೆ ನೀರು ಸೇರದ ಹೊದಿಕೆ ಹಾಕುತ್ತಾರೆ. ಹಿಂದೆ ಈ ಹೊದಿಕೆ ಚರ್ಮದ್ದು. ಸುಮಾರು 1520ರಲ್ಲಿ ಪೋರ್ಚುಗಲ್ ದೇಶದ ಪಯಣಿಗ ಡೊಮಿಂಗೊ ಪಾಯಸ್ ವಿಜಯನಗರಕ್ಕೆ ಬಂದಿದ್ದ. ಬುಟ್ಟಿಯಂತೆ ಗುಂಡಗಿರುವ, ಚರ್ಮ ಹೊದಿಸಿದ ದೋಣಿಗಳಲ್ಲಿ ಜನ ಹೊಳೆ ದಾಟುವುದನ್ನು ಅವನು ಬರೆದಿಟ್ಟಿದ್ದಾನೆ. ಈಗ ಚರ್ಮ ಹೋಗಿ ಪ್ಲಾಸ್ಟಿಕ್ ಹಾಳೆ, ಗೊಬ್ಬರದ ಚೀಲ, ಡಾಂಬರು ಬಂದಿವೆ. ಪೂರ್ತಿ ಫೈಬರ್‌ನಿಂದ ಮಾಡಿದ ತೆಪ್ಪಗಳೂ ಬಂದಿವೆ.

ನಮ್ಮದು ಬರದ ಸೀಮೆ, ನಮಗೇಕೆ ತೆಪ್ಪ ಎಂದು ಕೇಳಬಹುದು. ನಮ್ಮ ತಾಲೂಕಿನ ಮಮದಾಪುರದಲ್ಲಿಯೇ ಆದಿಲಶಾಹಿ ಕಾಲದ ದೊಡ್ಡ ಕೆರೆ ಇದೆ. ಗೋಳಗುಮ್ಮಟ ಕಟ್ಟಿಸಿದ ಮಹಮ್ಮದ್ ಆದಿಲಶಾಹನೇ ಅದನ್ನೂ ಕಟ್ಟಿಸಿದ. ಈಚಿನ ವರ್ಷಗಳಲ್ಲಿ ಕೃಷ್ಣೆಯ ನೀರನ್ನು ಎತ್ತಿ ತಂದು ಜಿಲ್ಲೆಯ ಕೆರೆಗಳಿಗೆ ತುಂಬಿಸಿದ್ದಾರೆ. ನೀರು ನಿಂತಲ್ಲಿ ಮೀನು. ಮೀನು ಇದ್ದಲ್ಲಿ ಬಲೆ, ತೆಪ್ಪ.

ಕೊಲ್ಹಾರದ ಕಡೆಗೆ ಹೋದರೆ ಕೃಷ್ಣೆಯೇ ಸಮುದ್ರದಂತೆ ಕಾಣುತ್ತಾಳೆ. ಆಲಮಟ್ಟಿ ಅಣೆಕಟ್ಟೆಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟರು. ಮುಂದೆ ನೀರು ನಿಂತಾಗ ಹಳೆಯ ಕೊಲ್ಹಾರ ಮುಳುಗಿತು. ಮೊಸರಿಗೆ ಹೆಸರಾದ ಊರು ದಿಬ್ಬ ಏರಿ ಕೂತಿತು. ಹೊಳೆ ಅಗಲವಾದರೆ ಗಾಳಿಗೆ ತಡೆ ಇರುವುದಿಲ್ಲ. ಅಲೆಗಳು ದೊಡ್ಡವಾಗುತ್ತವೆ. ಹಿಂದೆ ಸಣ್ಣ ಹೊಳೆ ದಾಟುತ್ತಿದ್ದ ತೆಪ್ಪ ಈ ಅಲೆಗಳಿಗೆ ಸಾಲದು. ಅದು ಹಳೆಯದಾಗಿ ಸೋರುತ್ತಿದ್ದರಂತೂ ಕೇಳುವುದೇ ಬೇಡ.

ಒಳಗಿನ ನೀರೇ ವೈರಿ

ತೆಪ್ಪದ ಹೊರಗೆ ಎಷ್ಟು ನೀರಿದ್ದರೂ ತೇಲುತ್ತದೆ. ಒಳಗೆ ಬಂದ ನೀರು ಮುಳುಗಿಸುತ್ತದೆ. "ಸ್ವಲ್ಪ ಸೋರ್ತೈತಿ, ಬಿಡು" ಎಂದು ಬಹಳ ಜನ ಸುಮ್ಮನಾಗುತ್ತಾರೆ. ಆ ಸ್ವಲ್ಪ ಎಷ್ಟು? ಲೆಕ್ಕ ಹಾಕೋಣ.

ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ. ತಳ ಸಮನಾಗಿರುವ, ಆರು ಅಡಿ ಅಗಲದ ಗುಂಡನೆಯ ತೆಪ್ಪ ಎಂದುಕೊಳ್ಳಿ. ಅದರ ತಳದಲ್ಲಿ ಎರಡು ಇಂಚು ನೀರು ನಿಂತರೆ ಸುಮಾರು 130 ಲೀಟರ್ ಆಗುತ್ತದೆ. ಅಂದರೆ 130 ಕಿಲೋ. ಎರಡೂವರೆ ಚೀಲ ಸಿಮೆಂಟಿಗಿಂತ ಹೆಚ್ಚು! ನೋಡಲು ಬರೀ ಎರಡು ಇಂಚು. ಪಾದವೂ ಪೂರ್ತಿ ಮುಳುಗುವುದಿಲ್ಲ. ಈ ಲೆಕ್ಕವನ್ನು ಹಲಗೆಯ ಮೇಲೆ ಬರೆದಾಗ ತರಗತಿಯಲ್ಲಿ ಯಾರೂ ನಂಬಲಿಲ್ಲ. ಎರಡು ಸಲ ಮಾಡಿ ತೋರಿಸಬೇಕಾಯಿತು.

ಭಾರ ಅಷ್ಟೇ ಅಲ್ಲ, ಇನ್ನೊಂದು ಗಂಡಾಂತರವಿದೆ. ನೀವು ತುಂಬಿದ ಕೊಡ ಹೊತ್ತು ನಡೆಯುತ್ತೀರಿ. ಅಷ್ಟೇ ನೀರನ್ನು ಅಗಲವಾದ ಪರಾತದಲ್ಲಿ ಹಾಕಿ ಹೊತ್ತು ನಡೆದು ನೋಡಿ. ಪರಾತ ಸ್ವಲ್ಪ ಎಡಕ್ಕೆ ವಾಲಿದರೆ ನೀರೆಲ್ಲ ಎಡಕ್ಕೆ ಓಡುತ್ತದೆ. ನೀರು ಓಡಿದ್ದಕ್ಕೆ ಪರಾತ ಇನ್ನಷ್ಟು ವಾಲುತ್ತದೆ. ಕೈಯಿಂದ ಹಿಡಿಯುವಷ್ಟರಲ್ಲಿ ಮೈಮೇಲೆ ಬಂದಿರುತ್ತದೆ. ತೆಪ್ಪದಲ್ಲಿ ನಿಂತ ನೀರೂ ಹೀಗೆಯೇ. ಒಬ್ಬರು ಬಲೆ ಎಳೆಯಲು ಬಗ್ಗಿದರೆ ತೆಪ್ಪ ಆ ಕಡೆ ವಾಲುತ್ತದೆ. ಒಳಗಿನ ನೀರು ಅದೇ ಕಡೆಗೆ ಓಡುತ್ತದೆ. ಅಂಚು ತಗ್ಗುತ್ತದೆ. ಹೊರಗಿನ ನೀರು ನುಗ್ಗುತ್ತದೆ. ಆಮೇಲೆ ಏನೂ ಮಾಡಲು ಬರುವುದಿಲ್ಲ.

ಕೃಷ್ಣೆಯಲ್ಲಿ ಇಂಥ ದುಃಖ ನಾವು ನೋಡಿದ್ದೇವೆ. 2020ರ ಆಗಸ್ಟಿನಲ್ಲಿ ರಾಯಚೂರು ಜಿಲ್ಲೆಯ ನಡುಗಡ್ಡೆಯ ಜನ ಹೊಳೆ ದಾಟುವಾಗ ತೆಪ್ಪ ಮಗುಚಿತು. 2024ರ ಜುಲೈನಲ್ಲಿ ನಮ್ಮದೇ ಜಿಲ್ಲೆಯ ಬಳೂತಿಯ ಹತ್ತಿರ ತೆಪ್ಪ ಮಗುಚಿ ಹಲವರು ನೀರುಪಾಲಾದರು.

ಹೇಗೆ ಪರೀಕ್ಷೆ ಮಾಡುವುದು?

ಮೊದಲು ತೆಪ್ಪವನ್ನು ಎರಡು ದಿನ ಬಿಸಿಲಿಗೆ ಇಡಿ. ಹಳೆಯ ಹೊದಿಕೆಯ ಪದರಗಳ ನಡುವೆ ನೀರು ಅಡಗಿರುತ್ತದೆ. ಒಣಗಿದ ಮೇಲೆ ತೆಪ್ಪ ಎಷ್ಟು ಹಗುರಾಯಿತು ಎಂದು ಎತ್ತಿ ನೋಡಿ. ಬಹಳ ಹಗುರಾದರೆ ಹೊದಿಕೆ ನೀರು ಕುಡಿಯುತ್ತಿದೆ ಎಂದು ಅರ್ಥ. ಭಾರದ ತೆಪ್ಪ ನಡೆಸಲು ತೋಳು ಸೋಲುತ್ತದೆ.

ಮುಂದೆ ಬಿದಿರು ನೋಡಿ. ಬೆರಳಿನಿಂದ ತಟ್ಟಿ. ಗಟ್ಟಿ ಬಿದಿರು ಟಣ್ ಎನ್ನುತ್ತದೆ. ಕೊಳೆತದ್ದು ದಬ್ ಎನ್ನುತ್ತದೆ. ಸಣ್ಣ ತೂತಿನಿಂದ ಹಿಟ್ಟು ಉದುರಿದರೆ ಹುಳ ಹಿಡಿದಿದೆ. ತಳದಲ್ಲಿ ಒಂದೆರಡು ಸೀಳು ಹೋಗಿದ್ದರೆ ಚಿಂತೆಯಿಲ್ಲ, ಹೊಸ ಸೀಳು ಸೇರಿಸಿ ಕಟ್ಟಬಹುದು. ಆದರೆ ಮೇಲಿನ ಅಂಚು, ಅಂದರೆ ಬುಟ್ಟಿಯ ಬಾಯಿ ಮುರಿದಿದ್ದರೆ ಆ ತೆಪ್ಪ ಕೊಳ್ಳಬೇಡಿ. ಅಂಚೇ ಅದರ ಬೆನ್ನೆಲುಬು. ಅಂಚು ಹೋದರೆ ಅಲೆಯ ಹೊಡೆತಕ್ಕೆ ಬುಟ್ಟಿ ಮಡಚಿಕೊಳ್ಳುತ್ತದೆ.

ಆಮೇಲೆ ತೆಪ್ಪವನ್ನು ಬೋರಲು ಹಾಕಿ ಒಂದು ಕಡೆ ಎತ್ತಿ ಹಿಡಿಯಿರಿ. ಇನ್ನೊಬ್ಬರು ಕೆಳಗೆ ಕೂತು ಮೇಲೆ ನೋಡಲಿ. ತೂತು ಇದ್ದಲ್ಲಿ ಬಿಸಿಲು ಚುಕ್ಕಿಯಂತೆ ಕಾಣುತ್ತದೆ. ಅಲ್ಲಿ ಸುಣ್ಣದಿಂದ ಗುರುತು ಹಾಕಿ. ನಮ್ಮ ಅಕ್ಕ ಒಂದೊಂದು ತೂತಿಗೆ ಒಂದೊಂದು ಅಂಕಿ ಬರೆದರು. ಹೊಸದಾಗಿ ಕಲಿತ ಅಂಕಿ! ಹದಿನೇಳರವರೆಗೆ ಹೋಯಿತು.

ಕೊನೆಗೆ ಮೊಣಕಾಲುದ್ದ ನೀರಿನಲ್ಲಿ ತೆಪ್ಪ ಇಳಿಸಿ. ಜನ ಹತ್ತಬೇಡಿ. ಇಬ್ಬರ ಭಾರದಷ್ಟು ಮರಳಿನ ಚೀಲ ಇಟ್ಟು ಎರಡು ತಾಸು ಬಿಡಿ. ಒಳಗೆ ಎಲ್ಲಿ ಒದ್ದೆಯಾಯಿತು ನೋಡಿ. ತೆಪ್ಪ ಕೊಳ್ಳುವ ಮೊದಲೇ ಈ ಪರೀಕ್ಷೆ ಮಾಡಿ. ಮಾರುವವರು ಬೇಡ ಅಂದರೆ ನೀವೂ ಬೇಡ ಅನ್ನಿ.

ರಿಪೇರಿ

ತೂತು ಸಣ್ಣದಿದ್ದರೆ ಆ ಜಾಗವನ್ನು ತಿಕ್ಕಿ, ಪೂರ್ತಿ ಒಣಗಿಸಿ. ತೂತಿನ ಸುತ್ತ ನಾಲ್ಕು ಬೆರಳು ಹೆಚ್ಚು ಬರುವಂತೆ ತೇಪೆ ಕತ್ತರಿಸಿ. ಡಾಂಬರು ಹಚ್ಚಿ, ತೇಪೆ ಒತ್ತಿ, ಮೇಲೆ ಮತ್ತೆ ಡಾಂಬರು ಹಚ್ಚಿ. ತೇಪೆಯ ಮೂಲೆ ಚೂಪಾಗಿ ಇರಬಾರದು, ಗುಂಡಗೆ ಕತ್ತರಿಸಬೇಕು. ಚೂಪು ಮೂಲೆ ಬೇಗ ಏಳುತ್ತದೆ. ಒದ್ದೆ ಜಾಗದ ಮೇಲೆ ಹಚ್ಚಿದ ತೇಪೆ ಒಂದು ವಾರವೂ ನಿಲ್ಲುವುದಿಲ್ಲ. ಅವಸರ ಮಾಡಿ ಕೆಟ್ಟವರೇ ಹೆಚ್ಚು.

ತೂತು ಬಹಳ ಇದ್ದರೆ ತೇಪೆಗೆ ದುಡ್ಡು ಸುರಿಯಬೇಡಿ. ಹಳೆಯ ಹೊದಿಕೆ ಪೂರ್ತಿ ತೆಗೆದು ಹೊಸದು ಹಾಕಿಸಿ. ಹದಿನೇಳು ತೂತಿನ ತೆಪ್ಪಕ್ಕೆ ಹಿರಿಯರು ಇದನ್ನೇ ಹೇಳಿದರು.

ಡಾಂಬರು ಕಾಯಿಸುವಾಗ ಮೈಮೇಲೆ ಎಚ್ಚರ ಇರಲಿ. ಬಯಲಲ್ಲಿ ಕಾಯಿಸಿ. ಮಕ್ಕಳನ್ನು ದೂರ ಇಡಿ. ನೈಲಾನ್ ಸೀರೆ ಬೇಡ, ಹತ್ತಿ ಸೀರೆ ಉಟ್ಟು ಸೆರಗು ಬಿಗಿಯಾಗಿ ಸಿಕ್ಕಿಸಿ. ಕಾದ ಡಾಂಬರಿಗೆ ಒಂದು ಹನಿ ನೀರು ಬಿದ್ದರೂ ಸಿಡಿಯುತ್ತದೆ. ಬಹಳ ಕಾದದ್ದನ್ನು ಹಚ್ಚಿದರೆ ಪ್ಲಾಸ್ಟಿಕ್ ಹಾಳೆಯೇ ಕರಗುತ್ತದೆ. ಸ್ವಲ್ಪ ಆರಿಸಿ ಹಚ್ಚಿ. ಮೈಮೇಲೆ ಬಿದ್ದರೆ ಕಿತ್ತು ತೆಗೆಯಬೇಡಿ, ಚರ್ಮವೇ ಬರುತ್ತದೆ. ಇಪ್ಪತ್ತು ನಿಮಿಷ ತಣ್ಣೀರು ಸುರಿದು ದವಾಖಾನೆಗೆ ಹೋಗಿ.

ಫೈಬರ್ ತೆಪ್ಪ ಬಿರುಕು ಬಿಟ್ಟರೆ ಡಾಂಬರು ನಿಲ್ಲುವುದಿಲ್ಲ. ಅದಕ್ಕೆ ಗಾಜಿನ ನಾರಿನ ಬಟ್ಟೆ ಮತ್ತು ರೆಸಿನ್ ಎಂಬ ಅಂಟು ಬೇಕು. ಬಿರುಕಿನ ಸುತ್ತ ಉಪ್ಪು ಕಾಗದದಿಂದ ತಿಕ್ಕಿ ಒರಟು ಮಾಡಬೇಕು. ಮೊದಲು ಸಣ್ಣ ತುಂಡು, ಅದರ ಮೇಲೆ ದೊಡ್ಡ ತುಂಡು ಅಂಟಿಸಬೇಕು. ರೆಸಿನ್ ಗಟ್ಟಿಯಾಗಲು ಬೇರೆ ಔಷಧಿಗಳನ್ನು ಹಾಕುತ್ತಾರೆ. ಆ ಔಷಧಿಗಳನ್ನು ಒಂದಕ್ಕೊಂದು ನೇರವಾಗಿ ಎಂದೂ ಬೆರೆಸಬಾರದು. ಬೆಂಕಿ ಏಳಬಹುದು, ಸಿಡಿಯಬಹುದು. ಡಬ್ಬಿಯ ಮೇಲಿನ ಬರಹ ಓದಿ. ಕನ್ನಡದಲ್ಲಿ ಇಲ್ಲದಿದ್ದರೆ ಅಂಗಡಿಯವರಿಂದ ಓದಿಸಿ ಕೇಳಿ. ಮೊದಲ ಸಲ ತಿಳಿದವರ ಕೈಯಿಂದ ಮಾಡಿಸುವುದೇ ಮೇಲು.

ಚೆನ್ನಾಗಿ ನಡೆಯಲು

ಗುಂಡನೆಯ ತೆಪ್ಪಕ್ಕೆ ಮುಂದೆ ಇಲ್ಲ, ಹಿಂದೆ ಇಲ್ಲ. ಒಂದೇ ಮಗ್ಗುಲಲ್ಲಿ ಹುಟ್ಟು ಹಾಕಿದರೆ ಬೀಸುಕಲ್ಲಿನಂತೆ ತಿರುಗುತ್ತದೆ. ಹೋಗಬೇಕಾದ ದಿಕ್ಕಿಗೆ ಮುಖ ಮಾಡಿ ಕೂತು, ಮುಂದಿನ ನೀರನ್ನು ನಿಮ್ಮ ಕಡೆ ಎಳೆಯಬೇಕು. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಹುಟ್ಟಿನ ಅಲಗು ಪೂರ್ತಿ ನೀರಲ್ಲಿ ಮುಳುಗುವಷ್ಟು ಉದ್ದ ಇರಬೇಕು. ಹಿಡಿ ನುಣುಪಾಗಿರಲಿ. ಸೀಳಿದ ಅಲಗು ಬಲೆಗೆ ಸಿಕ್ಕುತ್ತದೆ.

ಖರ್ಚಿಲ್ಲದ ಒಂದು ಉಪಾಯವಿದೆ. ಇಪ್ಪತ್ತು ಲೀಟರಿನ ಖಾಲಿ ಪ್ಲಾಸ್ಟಿಕ್ ಡಬ್ಬಿಗಳ ಮುಚ್ಚಳ ಬಿಗಿ ಮಾಡಿ, ಒಳಗೆ ನಾಲ್ಕು ಕಡೆ ಹಗ್ಗದಿಂದ ಕಟ್ಟಿ. ನೀರು ತುಂಬಿದರೂ ಒಂದೊಂದು ಡಬ್ಬಿ ಸುಮಾರು ಇಪ್ಪತ್ತು ಕಿಲೋ ಭಾರವನ್ನು ಎತ್ತಿ ಹಿಡಿಯುತ್ತದೆ. ತೆಪ್ಪ ತಳ ಸೇರುವುದಿಲ್ಲ. ಮಗುಚಿದರೆ ಹಿಡಿದುಕೊಳ್ಳಲು ಆಸರೆ ಆಗುತ್ತದೆ. ಇದು ಲೈಫ್ ಜಾಕೆಟಿಗೆ ಬದಲಿ ಅಲ್ಲ. ಜಾಕೆಟ್ ಪ್ರತಿಯೊಬ್ಬರಿಗೂ ಬೇಕು, ಈಜು ಬಂದವರಿಗೂ ಬೇಕು. ನೀರು ಎತ್ತಿ ಚೆಲ್ಲಲು ಒಂದು ತಂಬಿಗೆಯನ್ನು ದಾರದಿಂದ ಕಟ್ಟಿ ಇಡಿ.

ಎಷ್ಟು ಜನ ಕೂರಬಹುದು? ಜನ, ಬಲೆ, ಮೀನು ಎಲ್ಲ ಸೇರಿದ ಮೇಲೂ ಅಂಚು ನೀರಿನಿಂದ ಒಂದು ಗೇಣು ಮೇಲೆ ಇರಬೇಕು. ಅಷ್ಟು ಎತ್ತರಕ್ಕೆ ಹೊರಗಡೆ ಸುತ್ತಲೂ ಬಿಳಿ ಬಣ್ಣದ ಗೆರೆ ಎಳೆಯಿರಿ. ಗೆರೆ ಮುಳುಗಿದರೆ ಒಬ್ಬರು ಇಳಿಯಬೇಕು. ಅತ್ತೆಯಾದರೂ ಸರಿ, ಇಳಿಯಬೇಕು! ಗಾಳಿ ಜೋರಾದ ದಿನ ಗೆರೆ ಕಂಡರೂ ಹೋಗಬೇಡಿ.

ಕೆಲಸ ಮುಗಿದ ಮೇಲೆ ತೆಪ್ಪವನ್ನು ನೆಲದ ಮೇಲೆ ಎಳೆಯಬೇಡಿ. ಇಬ್ಬರು ಎತ್ತಿ ತನ್ನಿ. ನೆರಳಿನಲ್ಲಿ ಕಲ್ಲುಗಳ ಮೇಲೆ ಬೋರಲು ಹಾಕಿ. ನೆಲಕ್ಕೆ ತಾಗಿದರೆ ಗೆದ್ದಲು ಹತ್ತುತ್ತದೆ. ಬಲೆಯನ್ನು ಅದರೊಳಗೆ ಬಿಡಬೇಡಿ. ಮೀನಿನ ವಾಸನೆಗೆ ಇಲಿ ಬಂದು ಹೊದಿಕೆ ಕಡಿಯುತ್ತವೆ.

ಸರಕಾರದ ಸಹಾಯ

ರಿಪೇರಿಗೂ ಬಾರದ ತೆಪ್ಪ ಇದ್ದರೆ ಮೀನುಗಾರಿಕೆ ಇಲಾಖೆಯ ಕಚೇರಿಗೆ ಹೋಗಿ ಕೇಳಿ. 2020ರಲ್ಲಿ ಪ್ರಧಾನಮಂತ್ರಿ ಮತ್ಸ್ಯ ಸಂಪದಾ ಯೋಜನೆ ಶುರುವಾಯಿತು. ಅದರಲ್ಲಿ ಹೆಣ್ಣುಮಕ್ಕಳಿಗೆ ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ನೂರು ರೂಪಾಯಿ ವೆಚ್ಚಕ್ಕೆ 60 ರೂಪಾಯಿವರೆಗೆ ಸಹಾಯಧನ ಇಟ್ಟರು. ಉಳಿದವರಿಗೆ 40 ರೂಪಾಯಿ. ಮೀನುಗಾರರಿಗೆ ಅಪಘಾತ ವಿಮೆಯನ್ನೂ ಸೇರಿಸಿದರು. ಈ ವರ್ಷ ಏನೇನು ಸಿಗುತ್ತದೆ, ಯಾವ ಕಾಗದ ಬೇಕು ಎಂದು ಕೇಳಿ ಬರೆದುಕೊಳ್ಳಿ. ಕೆರೆಯಲ್ಲಿ ಮೀನು ಹಿಡಿಯುವ ಹಕ್ಕು ಯಾರಿಗೆ ಇದೆ ಎಂದೂ ಅಲ್ಲಿಯೇ ಕೇಳಿ. ಅರ್ಜಿ ಗಂಡನ ಹೆಸರಲ್ಲೇ ಇರಬೇಕೆಂದಿಲ್ಲ. ನಿಮ್ಮ ಹೆಸರಲ್ಲಿ ಕೊಡಿ, ನಿಮ್ಮ ಸಹಿ ಹಾಕಿ.

ನಮ್ಮ ಅಕ್ಕನ ತೆಪ್ಪಕ್ಕೆ ಹೊಸ ಹೊದಿಕೆ ಬಿತ್ತು. ಮರಳಿನ ಚೀಲ ಇಟ್ಟು ಎರಡು ತಾಸು ನೀರಲ್ಲಿ ಬಿಟ್ಟರು. ನಾನೂ ದಂಡೆಯ ಮೇಲೆ ಕೂತಿದ್ದೆ. ಚೀಲ ಎತ್ತಿ ಕೈಯಾಡಿಸಿ ನೋಡಿದರೆ ತಳ ಒಣಗಿತ್ತು. ಒಂದು ಮೂಲೆಯಲ್ಲಿ ಮಾತ್ರ ತಂಪು ತಂಪಾಗಿತ್ತು. ಗಂಡ "ಇಷ್ಟಕ್ಕ ಏನಾಗ್ತೈತಿ, ನಡಿ ಹೋಗೂಣು" ಅಂದರು. ಅಕ್ಕ ಒಪ್ಪಲಿಲ್ಲ. ಸುಣ್ಣದ ತುಂಡು ತಗೊಂಡು ಅಲ್ಲಿ 1 ಎಂದು ಬರೆದು, ತೆಪ್ಪವನ್ನು ಮತ್ತೆ ಬಿಸಿಲಿಗೆ ಹಾಕಿಸಿದರು.